ಉದ್ದ ಲೆನ್ಸು ಮತ್ತು ಹಕ್ಕಿಯ ದೂರ: ಪಕ್ಷಿ ಛಾಯಾಗ್ರಹಣ ಕಲಿಯುವವರಿಗೆ ಒಂದು ಟಿಪ್ಪಣಿ

ಟೆಲಿ ಲೆನ್ಸ್, ಅಂದರೆ ಉದ್ದ ಲೆನ್ಸ್, ಹಕ್ಕಿಯನ್ನು ಹತ್ತಿರಕ್ಕೆ ತರುತ್ತದೆ ಎಂಬ ಮಾತನ್ನು ಕಲಿಕೆಯ ಮೊದಲ ದಿನವೇ ಪಕ್ಕಕ್ಕಿಡುವುದು ಒಳ್ಳೆಯದು. ಲೆನ್ಸ್ ಏನನ್ನೂ ಹತ್ತಿರಕ್ಕೆ ತರುವುದಿಲ್ಲ. ಅದು ನೋಟದ ಕೋನವನ್ನು ಕಿರಿದು ಮಾಡುತ್ತದೆ, ಅಷ್ಟೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸಿನ ನೋಟದ ಕೋನ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಸುಮಾರು 47 ಡಿಗ್ರಿಯಾದರೆ, 500 ಮಿ.ಮೀ. ಲೆನ್ಸಿನದು ಕೇವಲ 5 ಡಿಗ್ರಿ. ಹಕ್ಕಿ ಕುಳಿತಲ್ಲೇ ಕುಳಿತಿರುತ್ತದೆ, ನಮಗೂ ಅದಕ್ಕೂ ನಡುವಿನ ಗಾಳಿ, ಧೂಳು, ಬಿಸಿಲ ಝಳ ಎಲ್ಲವೂ ಇದ್ದಲ್ಲೇ ಇರುತ್ತವೆ. ಈ ಒಂದು ಸಂಗತಿ ಮನಸ್ಸಿನಲ್ಲಿ ನೆಲೆಯಾದರೆ ಉದ್ದ ಲೆನ್ಸಿನ ಬಹುಪಾಲು ತೊಡಕುಗಳು ತಾವಾಗಿಯೇ ಅರ್ಥವಾಗುತ್ತವೆ.

ಲೆಕ್ಕದಿಂದ ಆರಂಭಿಸೋಣ

ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕವಾದ ಸೆನ್ಸರಿನ ಮೇಲೆ ಹಕ್ಕಿಯ ಬಿಂಬ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂಬುದನ್ನು ತಿಳಿಯಲು ಹಕ್ಕಿಯ ಉದ್ದವನ್ನು ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಲೆಂಗ್ತ್‌ನಿಂದ ಗುಣಿಸಿ ದೂರದಿಂದ ಭಾಗಿಸಿದರೆ ಸಾಕು. ನಮ್ಮ ಕೆರೆಯಂಚಿನಲ್ಲಿ ಕಾಣುವ ಕಿರು ಮಿಂಚುಳ್ಳಿಯ ಉದ್ದ ಸುಮಾರು 17 ಸೆಂ.ಮೀ. ಅದು 10 ಮೀಟರ್ ದೂರದಲ್ಲಿ ಕುಳಿತಿದ್ದರೆ 500 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ 8.5 ಮಿ.ಮೀ. ಬರುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಆದ್ದರಿಂದ ಹಕ್ಕಿ ಚೌಕಟ್ಟಿನ ಕಾಲು ಭಾಗವನ್ನೂ ತುಂಬುವುದಿಲ್ಲ. ಅಷ್ಟು ಹಣ ಕೊಟ್ಟು ಕೊಂಡ ಲೆನ್ಸಿನಲ್ಲಿ ಹಕ್ಕಿ ಇಷ್ಟು ಚಿಕ್ಕದಾಗಿ ಕಾಣುತ್ತದೆಯೇ ಎಂದು ಹೊಸಬರು ಬೇಸರಪಡುವುದು ಇಲ್ಲಿಯೇ. ಅದೇ ಹಕ್ಕಿ 20 ಮೀಟರಿಗೆ ಸರಿದರೆ ಬಿಂಬದ ಉದ್ದ ಅರ್ಧವಾಗುತ್ತದೆ, ವಿಸ್ತೀರ್ಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. 400 ಮಿ.ಮೀ. ಲೆನ್ಸನ್ನು ಬಿಟ್ಟು 600 ಮಿ.ಮೀ. ಕೊಂಡರೆ ಬಿಂಬ ಒಂದೂವರೆ ಪಟ್ಟು ದೊಡ್ಡದಾಗುತ್ತದೆ. 15 ಮೀಟರಿನಿಂದ 10 ಮೀಟರಿಗೆ ಬಂದರೂ ಅಷ್ಟೇ ದೊಡ್ಡದಾಗುತ್ತದೆ. ಮೊದಲನೆಯದಕ್ಕೆ ಲಕ್ಷಗಟ್ಟಲೆ ಹಣ ಬೇಕಾಗಬಹುದು. ಎರಡನೆಯದಕ್ಕೆ ತಾಳ್ಮೆ ಬೇಕು, ಹಕ್ಕಿಯ ಸಮ್ಮತಿಯೂ ಬೇಕು. ಚಿಕ್ಕ ಸೆನ್ಸರಿನ, ಅಂದರೆ ಕ್ರಾಪ್ ಸೆನ್ಸರ್ ಕ್ಯಾಮೆರಾ ಕೋನವನ್ನು ಒಂದೂವರೆ ಪಟ್ಟು ಕಿರಿದಾಗಿಸುತ್ತದೆ ನಿಜ, ಆದರೆ ಲೆನ್ಸ್ ಮೂಡಿಸುವ ಬಿಂಬದ ಗಾತ್ರ ಬದಲಾಗುವುದಿಲ್ಲ. ಅಲ್ಲಿ ಸಿಗುವ ಲಾಭ ಪಿಕ್ಸೆಲ್‌ಗಳ ದಟ್ಟಣೆಯದು. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮಿನಲ್ಲಿ ಮೇಲಿನ 8.5 ಮಿ.ಮೀ. ಬಿಂಬಕ್ಕೆ ಸುಮಾರು 1400 ಪಿಕ್ಸೆಲ್ ಸಿಕ್ಕರೆ, ಅಷ್ಟೇ ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರಿನಲ್ಲಿ 2100ಕ್ಕೂ ಹೆಚ್ಚು ಸಿಗುತ್ತವೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಜೋಡಿಸುವ ಟೆಲಿ ಕನ್ವರ್ಟರ್ ಬಿಂಬವನ್ನೇ ಹಿಗ್ಗಿಸುತ್ತದೆ, ಆದರೆ ಅದಕ್ಕೆ ಬೆಳಕಿನ ಬೆಲೆ ತೆರಬೇಕು: 1.4 ಪಟ್ಟಿನದು ಒಂದು ಸ್ಟಾಪ್, 2 ಪಟ್ಟಿನದು ಎರಡು ಸ್ಟಾಪ್ ಬೆಳಕನ್ನು ತಿನ್ನುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಇಮ್ಮಡಿ). ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ; ಎಫ್/5.6 ಲೆನ್ಸಿಗೆ 2 ಪಟ್ಟಿನ ಕನ್ವರ್ಟರ್ ಹಾಕಿದರೆ ಅದು ಎಫ್/11 ಆಗುತ್ತದೆ. ಕಾಡಿನ ನೆರಳಿನಲ್ಲಿ ಅದರಿಂದ ಪ್ರಯೋಜನ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ದೊಡ್ಡ ಅಪರ್ಚರಿನ, ಅಂದರೆ ಬೆಳಕಿನ ದ್ವಾರ ಅಗಲವಾದ ಲೆನ್ಸ್ ಏಕೆ ಅಷ್ಟು ಭಾರ, ಅಷ್ಟು ದುಬಾರಿ ಎಂಬುದಕ್ಕೂ ಲೆಕ್ಕದಲ್ಲೇ ಉತ್ತರವಿದೆ. ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ದ್ವಾರದ ಅಗಲ ಸಿಗುತ್ತದೆ: 600 ಮಿ.ಮೀ. ಎಫ್/4 ಲೆನ್ಸಿಗೆ 150 ಮಿ.ಮೀ. ಅಗಲದ ಬೆಳಕಿನ ದ್ವಾರ ಬೇಕು, ಎಫ್/6.3ಕ್ಕೆ ಸುಮಾರು 95 ಮಿ.ಮೀ. ಸಾಕು. ಅದರಿಂದಾಗಿಯೇ 150–600 ಮಿ.ಮೀ. ಜೂಮ್ ಲೆನ್ಸುಗಳು ಸುಮಾರು 2 ಕಿಲೋ ತೂಕದಲ್ಲಿ, ನಮ್ಮಂಥವರ ಕೈಗೆಟುಕುವ ಬೆಲೆಯಲ್ಲಿ ಬರುತ್ತವೆ. ಕಲಿಯುವವರಿಗೆ ಅವು ಧಾರಾಳವಾಗಿ ಸಾಕು.

ತೆಳುವಾದ ಫೋಕಸ್, ಅಲುಗಾಟ, ವೇಗ

500 ಮಿ.ಮೀ. ಲೆನ್ಸಿನಲ್ಲಿ ಎಫ್/5.6 ಇಟ್ಟು 10 ಮೀಟರ್ ದೂರದ ಹಕ್ಕಿಯನ್ನು ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಒಟ್ಟು 13 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. 5 ಮೀಟರಿಗೆ ಬಂದರೆ ಅದು 3 ಸೆಂ.ಮೀ. ಚಿಲ್ಲರೆಗೆ ಕುಗ್ಗುತ್ತದೆ. ಬಣ್ಣದ ಕೊಕ್ಕರೆಯ ಉದ್ದನೆಯ ಹಳದಿ ಕೊಕ್ಕು ನಮ್ಮ ಕಡೆಗೆ ಚಾಚಿದ್ದರೆ ಕಣ್ಣು ಮತ್ತು ಕೊಕ್ಕಿನ ತುದಿ ಎರಡೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಬರುವುದು ಅನುಮಾನ. ಆಗ ಕಣ್ಣನ್ನೇ ಆರಿಸಿಕೊಳ್ಳಬೇಕು, ಇಲ್ಲವೇ ಹಕ್ಕಿ ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು. ಪಕ್ಕಕ್ಕೆ ತಿರುಗಿದ ಹಕ್ಕಿಯ ದೇಹವೆಲ್ಲ ಸೆನ್ಸರಿಗೆ ಸಮಾನಾಂತರವಾಗಿರುವುದರಿಂದ ಎಫ್/5.6ರಲ್ಲಿಯೂ ಗರಿಗರಿ ಎಣಿಸುವಂತೆ ಬರುತ್ತದೆ.

ಅಲುಗಾಟದ ವಿಷಯದಲ್ಲಿ ಎರಡನ್ನು ಬೆರೆಸಬಾರದು. ಕೈಯ ನಡುಕ ಬೇರೆ, ಹಕ್ಕಿಯ ಚಲನೆ ಬೇರೆ. ಲೆನ್ಸಿನೊಳಗಿನ ಸ್ಟೆಬಿಲೈಸೇಶನ್ ಮೊದಲನೆಯದನ್ನು ತಡೆಯುತ್ತದೆ, ಎರಡನೆಯದಕ್ಕೆ ಅದರಿಂದ ಏನೂ ಆಗುವುದಿಲ್ಲ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡ ಹಾರುವ ಹಕ್ಕಿ 20 ಮೀಟರ್ ದೂರದಲ್ಲಿದ್ದರೆ, 500 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ ಸೆನ್ಸರಿನ ಮೇಲೆ ಸೆಕೆಂಡಿಗೆ 250 ಮಿ.ಮೀ. ಓಡುತ್ತದೆ. ಕ್ಯಾಮೆರಾವನ್ನು ಸುಮ್ಮನೆ ಹಿಡಿದು 1/2000 ಸೆಕೆಂಡಿನಲ್ಲಿ ಕ್ಲಿಕ್ಕಿಸಿದರೂ ಬಿಂಬ ಇಪ್ಪತ್ತು ಪಿಕ್ಸೆಲ್‌ಗಳಷ್ಟು ಕಲಸಿಹೋಗುತ್ತದೆ. ಆದ್ದರಿಂದ ಹಾರುವ ಹಕ್ಕಿಗೆ ಶಟರ್ ವೇಗವೊಂದೇ ಸಾಲದು, ಸೊಂಟದಿಂದ ಮೇಲಿನ ದೇಹವನ್ನು ಹಕ್ಕಿಯ ಜೊತೆಗೆ ತಿರುಗಿಸುವ ಪ್ಯಾನಿಂಗ್ ಅಭ್ಯಾಸ ಬೇಕು. ಕುಳಿತ ಹಕ್ಕಿಗೆ 1/500ರಿಂದ ಆರಂಭಿಸಿ, ಹಾರಾಟಕ್ಕೆ 1/2000, ಮೀನಿಗೆ ಎರಗುವ ಮಿಂಚುಳ್ಳಿಗೆ 1/3200 ಎಂದು ನಾನು ಬರೆದಿಟ್ಟುಕೊಂಡಿದ್ದೇನೆ. ಇದಕ್ಕಾಗಿ ಸೆನ್ಸರಿನ ಬೆಳಕಿನ ಸಂವೇದನೆ, ಅಂದರೆ ಐಎಸ್‌ಒ 1600 ಅಥವಾ 3200ಕ್ಕೆ ಏರಿದರೆ ಏರಲಿ. ಚಿತ್ರದ ಕಾಳುಕಾಳನ್ನು ಮನೆಗೆ ಬಂದ ಮೇಲೆ ತಿದ್ದಬಹುದು, ಕಲಸಿಹೋದ ಕಣ್ಣನ್ನು ತಿದ್ದಲಾಗುವುದಿಲ್ಲ.

ಆಸರೆಗೆ ಟ್ರೈಪಾಡೇ ಆಗಬೇಕೆಂದಿಲ್ಲ. ಕಾರಿನ ಕಿಟಕಿಯ ಮೇಲಿಡಲು ಬೀನ್ ಬ್ಯಾಗಿಗಿಂತ ಉತ್ತಮವಾದದ್ದು ಇಲ್ಲ; ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ, ಎರಡೂ ತುದಿ ಹೊಲಿದು, ಹುರುಳಿಯನ್ನೋ ಅಕ್ಕಿಯನ್ನೋ ತುಂಬಿದರೆ ಸಾಕು. ದೋಣಿಯಲ್ಲಿ ಮಾತ್ರ ಟ್ರೈಪಾಡ್ ಬೇಡ, ಅದು ದೋಣಿಯ ಓಲಾಟವನ್ನೆಲ್ಲ ನೇರವಾಗಿ ಲೆನ್ಸಿಗೆ ಕೊಡುತ್ತದೆ. ಮೊಣಕೈಗಳನ್ನು ಮೊಣಕಾಲಿಗೆ ಊರಿ ಕುಳಿತರೆ ನಮ್ಮ ಮೈಯೇ ಆ ಓಲಾಟವನ್ನು ನುಂಗಿಕೊಳ್ಳುತ್ತದೆ.

ಬಿಳಿ ಹಕ್ಕಿ, ಕಪ್ಪು ಹಕ್ಕಿ

ಕ್ಯಾಮೆರಾದ ಬೆಳಕಿನ ಮಾಪಕ ಎಲ್ಲವನ್ನೂ ಮಧ್ಯಮ ಬೂದು ಎಂದು ಭಾವಿಸುತ್ತದೆ. ಕಡುಹಸಿರು ನೀರಿನ ಮುಂದೆ ನಿಂತ ಬೆಳ್ಳಕ್ಕಿಯನ್ನು ತೆಗೆದರೆ ಮಾಪಕ ನೀರಿನ ಕತ್ತಲೆಯನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಬೆಳ್ಳಕ್ಕಿಯ ಗರಿಗಳು ಸುಣ್ಣ ಬಳಿದಂತೆ ಸಪಾಟಾಗುತ್ತವೆ. ಆಗ ಒಂದು ಸ್ಟಾಪ್ ಇಳಿಸಬೇಕು. ಬಿಳಿ ಮೋಡದ ಮುಂದೆ ಹಾರುವ ನೀರುಕಾಗೆಗೆ ಒಂದರಿಂದ ಒಂದೂವರೆ ಸ್ಟಾಪ್ ಏರಿಸಬೇಕು. ಪೂರ್ಣ ಬಿಸಿಲಿನಲ್ಲಿ ಐಎಸ್‌ಒ 400, ಎಫ್/5.6 ಇದ್ದಾಗ ಸಾಮಾನ್ಯ ವಸ್ತುವಿಗೆ 1/3200 ಸರಿಹೋಗುತ್ತದೆ. ಬಿಳಿ ಹಕ್ಕಿಗೆ ಅಲ್ಲಿಂದ ಒಂದು ಸ್ಟಾಪ್ ಕಡಿಮೆ ಮಾಡಿ, ಕ್ಯಾಮೆರಾ ತಾನಾಗಿ ಬದಲಿಸದಂತೆ ಮ್ಯಾನುವಲ್‌ನಲ್ಲಿ ಇಟ್ಟುಬಿಟ್ಟರೆ, ಹಿನ್ನೆಲೆ ಎಷ್ಟು ಬದಲಾದರೂ ಹಕ್ಕಿಯ ಬಿಳುಪು ಕೆಡುವುದಿಲ್ಲ.

ನಡುವಿನ ಗಾಳಿ

ಕಲಿಯುವವರು ಅತ್ಯಂತ ಕಡಿಮೆ ಗಮನ ಕೊಡುವ ಮತ್ತು ನಾನು ಅತಿ ಹೆಚ್ಚು ಚಿತ್ರಗಳನ್ನು ಕಳೆದುಕೊಂಡ ವಿಷಯ ಇದು. ಬೇಸಗೆಯಲ್ಲಿ ಬೆಳಗಿನ ಒಂಬತ್ತು ಗಂಟೆ ದಾಟಿದರೆ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಬಿಸಿಯಾಗಿ ಏಳುತ್ತದೆ, ಬಿಸಿಗಾಳಿ ಮತ್ತು ತಂಪುಗಾಳಿಯ ಪದರಗಳು ಬೆಳಕನ್ನು ಬೇರೆಬೇರೆಯಾಗಿ ಬಾಗಿಸುತ್ತವೆ. ಟಾರು ರಸ್ತೆಯ ಮೇಲೆ ಬಿಸಿಲುಗುದುರೆ ಕಾಣುವುದಕ್ಕೂ ಬೆಳಕಿನ ಇದೇ ಬಾಗುವಿಕೆ ಕಾರಣ. 50 ಮೀಟರ್ ದೂರದ ಹಕ್ಕಿಯನ್ನು ಕಟಾವಾದ ಗದ್ದೆಯ ಮೇಲಿನಿಂದ ತೆಗೆದರೆ ಫೋಕಸ್ ಸರಿಯಿದ್ದರೂ ಚಿತ್ರ ಒದ್ದೆ ಕಾಗದದಂತೆ ಮೆತ್ತಗಾಗಿರುತ್ತದೆ. ಅನೇಕರು ಲೆನ್ಸ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವುದು ಇಂಥ ಚಿತ್ರಗಳನ್ನು ನೋಡಿಯೇ. ಒಂದೇ ಜಾಗದಿಂದ ಹತ್ತು ಚಿತ್ರ ತೆಗೆದು ಹೋಲಿಸಿ: ಝಳವಿದ್ದರೆ ಒಂದೊಂದರಲ್ಲಿ ಒಂದೊಂದು ಭಾಗ ಸ್ಪಷ್ಟವಾಗಿರುತ್ತದೆ, ಹಕ್ಕಿಯ ಅಂಚು ಚಿತ್ರದಿಂದ ಚಿತ್ರಕ್ಕೆ ಆಕಾರ ಬದಲಿಸಿರುತ್ತದೆ. ಇದಕ್ಕೆ ಹೆಚ್ಚು ಉದ್ದದ ಲೆನ್ಸ್ ಮದ್ದಲ್ಲ. ಅದು ಹಕ್ಕಿಯ ಜೊತೆಗೆ ಝಳವನ್ನೂ ಹಿಗ್ಗಿಸುತ್ತದೆ. ಏಸಿ ಹಾಕಿದ ಕಾರಿನ ಕಿಟಕಿಯನ್ನು ಆಗತಾನೇ ಇಳಿಸಿ ತೆಗೆದಾಗಲೂ ಇದೇ ಆಗುತ್ತದೆ. ಮೊದಲೇ ಏಸಿ ಆರಿಸಿ, ಒಳಗಿನ ಮತ್ತು ಹೊರಗಿನ ಗಾಳಿ ಒಂದಾಗಲು ಬಿಡಬೇಕು.

ದೂರವನ್ನು ನಿರ್ಧರಿಸುವುದು ಹಕ್ಕಿ

ಹಾಗಾದರೆ ಹತ್ತಿರ ಹೋಗುವುದೇ ದಾರಿ ಎಂದು ತೋರುತ್ತದೆ. ಎಷ್ಟು ಹತ್ತಿರ ಎಂಬುದನ್ನು ಹೇಳುವುದು ಹಕ್ಕಿ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಮರಗಳ ಮೇಲೆ, ಮನೆಗಳ ನೆತ್ತಿಯಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಅಲ್ಲಿ 200 ಅಥವಾ 300 ಮಿ.ಮೀ. ಲೆನ್ಸ್ ಸಾಕಾಗುತ್ತದೆ. ಅದೇ ಬಣ್ಣದ ಕೊಕ್ಕರೆ ಬೇರೊಂದು ಕೆರೆಯಲ್ಲಿ ನಮ್ಮನ್ನು ಕಂಡೊಡನೆ ನೂರು ಮೀಟರಿನಿಂದಲೇ ಎದ್ದು ಹೋಗಬಹುದು. ಹಕ್ಕಿ ಒಂದೇ, ಲೆನ್ಸೂ ಒಂದೇ. ಅದು ಮನುಷ್ಯರಿಂದ ಕಂಡುಂಡದ್ದು ಮಾತ್ರ ಬೇರೆ.

ಎದ್ದು ಹೋಗುವ ಮೊದಲು ಹಕ್ಕಿ ಸೂಚನೆ ಕೊಡುತ್ತದೆ. ಮೇಯುತ್ತಿದ್ದದ್ದು ಮೇಯುವುದನ್ನು ನಿಲ್ಲಿಸುತ್ತದೆ, ಕತ್ತು ನೀಳವಾಗುತ್ತದೆ, ಗರಿಗಳು ಮೈಗೆ ಅಂಟಿಕೊಳ್ಳುತ್ತವೆ, ದೇಹ ಮುಂದಕ್ಕೆ ಬಾಗುತ್ತದೆ. ಹದ್ದು, ಗಿಡುಗಗಳು ಹಾರುವ ಮುನ್ನ ಅನೇಕ ಸಲ ಹಿಕ್ಕೆ ಹಾಕುತ್ತವೆ. ಮೊದಲ ಸೂಚನೆ ಕಂಡಲ್ಲೇ ನಿಂತುಬಿಡಬೇಕು, ಸಾಧ್ಯವಾದರೆ ಕುಳಿತುಬಿಡಬೇಕು. ಹತ್ತು ನಿಮಿಷ ಅಲುಗದೆ ಕುಳಿತರೆ ಬಹಳ ಸಲ ಹಕ್ಕಿಯೇ ಮೇಯುತ್ತ ಹತ್ತಿರ ಬರುತ್ತದೆ. ಎಂ. ವೈ. ಘೋರ್ಪಡೆ, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅವರಂಥ ಹಿರಿಯ ವನ್ಯಜೀವಿ ಛಾಯಾಗ್ರಾಹಕರು ಕೈಯಿಂದ ಫೋಕಸ್ ಮಾಡುತ್ತ, 36 ಚಿತ್ರಗಳ ಫಿಲ್ಮ್ ರೋಲಿನಲ್ಲಿ ಕೆಲಸ ಮಾಡಿದವರು. ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾ ಹಿಡಿದ ನಮಗೆ ಕಾಯುವ ಅಭ್ಯಾಸ ಅವರಿಗಿಂತ ಹೆಚ್ಚು ಬೇಕಾಗಿದೆ ಎಂದು ನಾನು ನಂಬಿದ್ದೇನೆ.

ಗೂಡಿನ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥವಿವರಣೆಯೊಳಗೇ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಹಿನ್ನೆಲೆ ಚೆನ್ನಾಗಿ ಬರಲೆಂದು ಗೂಡಿನ ಮುಂದಿನ ಎಲೆ ಕಿತ್ತರೆ ಮರಿಗಳ ನೆರಳೂ ಹೋಗುತ್ತದೆ, ಮರೆಯೂ ಹೋಗುತ್ತದೆ; ಕಾಗೆಗೆ ದಾರಿ ತೋರಿಸಿದಂತಾಗುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದನ್ನೂ ಬಿಡಬೇಕು. ಆ ಕೂಗನ್ನು ತನ್ನ ಎಲ್ಲೆಗೆ ನುಗ್ಗಿದ ಎದುರಾಳಿಯದೆಂದು ಬಗೆದು ಅದು ಮೇವನ್ನೂ ಮರಿಯನ್ನೂ ಬಿಟ್ಟು ಬರುತ್ತದೆ.

ರಂಗನತಿಟ್ಟಿನ ಒಂದು ಬೆಳಗು

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಕಲಿಯುವವರಿಗೆ ಒಳ್ಳೆಯ ಪಾಠಶಾಲೆ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ಈ ಕಾವೇರಿಯ ನಡುಗಡ್ಡೆಗಳು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದವು. ಹುಟ್ಟು ಹಾಕುವ ದೋಣಿಯಲ್ಲಿ ಕುಳಿತರೆ ಕ್ಯಾಮೆರಾ ನೀರಿನ ಮಟ್ಟಕ್ಕೆ ಇಳಿಯುತ್ತದೆ. ಬಂಡೆಯ ಮೇಲಿನ ಹಕ್ಕಿಯ ಕಣ್ಣು ನಮ್ಮ ಕಣ್ಣಿಗೆ ಸಮನಾಗುತ್ತದೆ, ಹಿನ್ನೆಲೆ ದೂರಕ್ಕೆ ಸರಿದು ಹಸಿರು ಬಣ್ಣವೊಂದೇ ಉಳಿಯುತ್ತದೆ.

ಒಂದು ಮಾರ್ಚ್ ತಿಂಗಳ ಬೆಳಗ್ಗೆ ಬೋಳು ಬಂಡೆಯೊಂದರ ಮೇಲೆ ನದಿ ರೀವವೊಂದು (ರಿವರ್ ಟರ್ನ್) ಮೊಟ್ಟೆಗಳ ಮೇಲೆ ಕುಳಿತಿತ್ತು. ಹಳದಿ ಕೊಕ್ಕು, ಕಪ್ಪು ಟೋಪಿ, ಬೂದು ಬೆನ್ನು. ಇನ್ನಷ್ಟು ಹತ್ತಿರ ಹೋಗೋಣವೇ ಎಂದು ದೋಣಿಯವರನ್ನು ಕೇಳಿದೆ. ಅವರು ಹುಟ್ಟನ್ನು ನೀರಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಬ್ಯಾಡ ಸಾ, ಅದು ಎದ್ರೆ ಬಿಸ್ಲಿಗೆ ಮೊಟ್ಟೆ ಕೆಟ್ಟೋಯ್ತದೆ" ಎಂದರು. ಹಕ್ಕಿ ಅಷ್ಟರಲ್ಲಿ ಕತ್ತು ನೀಳ ಮಾಡಿತ್ತು. ದೋಣಿ ನಿಂತಮೇಲೆ ಸುಮಾರು ಒಂದು ನಿಮಿಷ ಹಾಗೆಯೇ ನೋಡಿತು. ಆಮೇಲೆ ಅರ್ಧ ಎದ್ದು, ಕೊಕ್ಕಿನಿಂದ ಮೊಟ್ಟೆಯನ್ನು ಒಂದಿಷ್ಟು ಹೊರಳಿಸಿ, ಎದೆಯ ಗರಿಗಳನ್ನು ಬಿಡಿಸಿ ಮತ್ತೆ ಕುಳಿತಿತು. ಆ ಹೊತ್ತಿನ ಚಿತ್ರ ನನ್ನ ಬಳಿಯಿದೆ. ದೂರ 25 ಮೀಟರ್, 500 ಮಿ.ಮೀ., ಎಫ್/5.6, 1/1600. ಹಕ್ಕಿ ಚೌಕಟ್ಟಿನ ಅಗಲದ ಕಾಲು ಭಾಗಕ್ಕಿಂತ ಕಡಿಮೆ ಇದೆ. ಉಳಿದದ್ದು ಬಂಡೆ, ಹಿಕ್ಕೆಯ ಬಿಳಿ ಗೆರೆಗಳು, ಹಿಂದೆ ಹರಿಯುವ ಕಾವೇರಿ. ಅದನ್ನು ನಾನು ಕ್ರಾಪ್ ಮಾಡಿಲ್ಲ.