ಸತ್ತ ಡಿಸ್ಕ್‌ಗಳ ಡ್ರಾಯರ್

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಸಣ್ಣ ಕಂಪ್ಯೂಟರ್ ಅಂಗಡಿ. ಕೌಂಟರಿನ ಮುಂದೆ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು. "ಯಾವ ಕಂಪನಿ ಹಾರ್ಡ್ ಡಿಸ್ಕ್ ತಗೊಳ್ಲಿ?" ಅಂತ ಕೇಳಿದೆ. ಅಂಗಡಿಯವರು ಬಾಯಲ್ಲಿ ಉತ್ತರ ಕೊಡಲಿಲ್ಲ. ಬಗ್ಗಿ ಕೆಳಗಿನ ಡ್ರಾಯರ್ ಎಳೆದರು. ಒಳಗೆ ಕೆಟ್ಟುಹೋದ ಡಿಸ್ಕ್‌ಗಳು, ಒಂದರ ಮೇಲೊಂದು, ವಾರಂಟಿಗೆ ಹೋಗಲು ಕಾಯುತ್ತಿದ್ದವು.

"ನೀವೇ ನೋಡಿ ಸಾರ್. ಯಾವ ಹೆಸರು ಜಾಸ್ತಿ ಇದೆಯೋ ಅದನ್ನ ಬಿಟ್ಟು ಬೇರೆ ತಗೊಳ್ಳಿ."

ಸಾಕ್ಷಿ ಕಣ್ಣೆದುರಿಗೇ ಇದೆ, ಇನ್ನೇನು ಬೇಕು? ಬೇರೆ ಕಂಪನಿಯ 2 ಟಿಬಿ ಡಿಸ್ಕ್ ಕೊಂಡು ಮನೆಗೆ ಬಂದೆ. ಎರಡು ವರ್ಷದ ವಾರಂಟಿ ಮುಗಿದು ಎರಡು ತಿಂಗಳಿಗೆ ಅದು ಕೈಕೊಟ್ಟಿತು. ಟಿಕ್, ಟಿಕ್, ಟಿಕ್ ಅಂತ ಶಬ್ದ, ಆಮೇಲೆ ಮೌನ. ಅಕ್ಕನ ಮದುವೆಯ ಅರ್ಧ ಫೋಟೋಗಳು ಅದರ ಜೊತೆಗೇ ಹೋದವು. ಅದು ಯಾವ ಕಂಪನಿದು ಅಂತ ಮಾತ್ರ ಹೇಳುವುದಿಲ್ಲ. ಹೇಳಿದರೆ ಆ ಡ್ರಾಯರ್ ಮಾಡಿದ ತಪ್ಪನ್ನೇ ನಾನೂ ಮಾಡಿದ ಹಾಗಾಗುತ್ತದೆ.

ಡ್ರಾಯರ್ ಸುಳ್ಳು ಹೇಳುವುದಿಲ್ಲ, ಅರ್ಧ ಹೇಳುತ್ತದೆ. ಅದರಲ್ಲಿ ಸತ್ತವು ಮಾತ್ರ ಇರುತ್ತವೆ. ಒಂದು ಕಂಪನಿಯ 500 ಡಿಸ್ಕ್ ಮಾರಿ 10 ವಾಪಸ್ ಬಂದವು ಅಂದುಕೊಳ್ಳಿ. ಇನ್ನೊಂದು ಕಂಪನಿಯದು 50 ಮಾರಿ 3 ವಾಪಸ್ ಬಂದವು. ಡ್ರಾಯರಿನಲ್ಲಿ ಮೊದಲನೆಯದು ಹತ್ತು ಕಾಣುತ್ತದೆ, ಎರಡನೆಯದು ಮೂರೇ. ಆದರೆ ಕೆಟ್ಟ ಪ್ರಮಾಣ ಮೊದಲನೆಯದರಲ್ಲಿ ನೂರಕ್ಕೆ 2, ಎರಡನೆಯದರಲ್ಲಿ ನೂರಕ್ಕೆ 6. ಜಾಸ್ತಿ ಮಾರಾಟವಾಗುವ ಕಂಪನಿಗೆ ಕೆಟ್ಟ ಹೆಸರು ಬರುವುದು ಬಹಳ ಸುಲಭ.

"ನಮ್ಮ ಆಫೀಸಲ್ಲಿ 20 ಇದಾವೆ, ಒಂದು ವರ್ಷದಲ್ಲಿ ಒಂದೂ ಕೆಟ್ಟಿಲ್ಲ" ಅನ್ನುವವರ ಮಾತೂ ಇದೇ ಜಾತಿಯದು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸುಲಭ ಲೆಕ್ಕ ಇದೆ. ಒಂದೂ ಕೆಟ್ಟಿಲ್ಲ ಅಂದರೆ 3ನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ. 3 ಭಾಗಿಸು 20, ಅಂದರೆ ನೂರಕ್ಕೆ 15. ನಿಜವಾದ ಕೆಡುವ ಪ್ರಮಾಣ ಅಷ್ಟರವರೆಗೂ ಇರಬಹುದು, ಆ ಇಪ್ಪತ್ತು ಡಿಸ್ಕ್‌ಗಳು ಅದನ್ನು ಅಲ್ಲಗಳೆಯಲಾರವು. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಅನ್ನುತ್ತಾರೆ. ಅದು ಒಂದೇ ಪಾತ್ರೆಯ ಅನ್ನಕ್ಕೆ ಸರಿ. ಡಿಸ್ಕ್‌ಗಳು ಬೇರೆ ಬೇರೆ ಪಾತ್ರೆಯಲ್ಲಿ, ಬೇರೆ ಬೇರೆ ಒಲೆಯ ಮೇಲೆ ಬೆಂದಿರುತ್ತವೆ.

ವಾರಂಟಿ ಹೇಗೂ ಮುಗಿದಿತ್ತು, ಸತ್ತ ಡಿಸ್ಕನ್ನು ಬಿಚ್ಚಿದೆ. ನಕ್ಷತ್ರದ ಆಕಾರದ ತಲೆಯ ಸ್ಕ್ರೂಗಳು, ಮನೆಯ ಸ್ಕ್ರೂಡ್ರೈವರ್‌ಗೆ ಬಗ್ಗುವುದಿಲ್ಲ. ಒಂದು ಸ್ಕ್ರೂ ಸ್ಟಿಕ್ಕರ್ ಕೆಳಗೆ ಅಡಗಿ ಕೂತಿತ್ತು. ಮುಚ್ಚಳ ಎತ್ತಿದರೆ ಕನ್ನಡಿಯಂಥ ತಟ್ಟೆ, ನನ್ನ ಮುಖ ಸ್ಪಷ್ಟವಾಗಿ ಕಾಣಿಸಿತು. ಕನ್ನಡಿಯ ಮೇಲೆ ಒಂದು ಸಣ್ಣ ಉಂಗುರದ ಗೀರು. ಅಕ್ಕನ ಮದುವೆ ಹೋಗಿದ್ದು ಬಹುಶಃ ಅಲ್ಲೇ.

ಡೆಸ್ಕ್‌ಟಾಪಿನ ಇಂಥ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಸೆಕೆಂಡಿಗೆ 120. ತಟ್ಟೆಯ ಅಂಚು ಗಂಟೆಗೆ ಸುಮಾರು 130 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ, ನಮ್ಮ ಔಟರ್ ರಿಂಗ್ ರೋಡು ಕನಸಿನಲ್ಲೂ ಕಾಣದ ವೇಗ. ಓದುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆ ಎಳೆದು ತರುವ ಗಾಳಿಯ ಪದರದ ಮೇಲೆ ತೇಲುತ್ತದೆ. ಎತ್ತರ ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲು 50 ಸಾವಿರದಿಂದ 1 ಲಕ್ಷ ನ್ಯಾನೋಮೀಟರ್ ದಪ್ಪ ಇರುತ್ತದೆ. ಇದೆಲ್ಲ ಗೊತ್ತಾದ ಮೇಲೆ ಡಿಸ್ಕ್ ಯಾಕೆ ಕೆಟ್ಟಿತು ಅಂತ ಕೇಳಲು ನಾಚಿಕೆಯಾಯಿತು. ಎರಡು ವರ್ಷ ಹೇಗೆ ನಡೆಯಿತು ಅನ್ನುವುದೇ ಆಶ್ಚರ್ಯ, ಅಲ್ವಾ?

ಹಾಗಾದರೆ ಯಾವ ಕಂಪನಿ ಒಳ್ಳೇದು ಅಂತ ಗೊತ್ತಾಗುವುದು ಹೇಗೆ? ಬದುಕಿರುವ ಡಿಸ್ಕ್‌ಗಳನ್ನೂ ಎಣಿಸಬೇಕು. ಆ ಕೆಲಸವನ್ನು ಬಹಿರಂಗವಾಗಿ ಮಾಡುತ್ತಿರುವುದು ಅಮೆರಿಕದ ಬ್ಯಾಕ್‌ಬ್ಲೇಜ್ ಅನ್ನುವ ಕ್ಲೌಡ್ ಸ್ಟೋರೇಜ್ ಕಂಪನಿ. ತನ್ನ ಡೇಟಾ ಸೆಂಟರಿನ ಪ್ರತಿ ಡಿಸ್ಕಿನ ಆರೋಗ್ಯವನ್ನು 2013ರಿಂದ ದಿನಾ ಬರೆದಿಡುತ್ತಿದೆ, ಆ ಲೆಕ್ಕವನ್ನು ಎಲ್ಲರಿಗೂ ಕೊಡುತ್ತದೆ. ಅವರು ಎಣಿಸುವ ರೀತಿ ನನಗೆ ಇಷ್ಟ. ಡಿಸ್ಕ್ ಎಷ್ಟು ಅನ್ನುವುದರ ಜೊತೆಗೆ ಎಷ್ಟು ದಿನ ಓಡಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 1,000 ಡಿಸ್ಕ್ 90 ದಿನ ಓಡಿದರೆ 90,000 ಡಿಸ್ಕ್-ದಿನ, ಅಂದರೆ ಸುಮಾರು 247 ಡಿಸ್ಕ್-ವರ್ಷ. ಅಷ್ಟರಲ್ಲಿ 4 ಕೆಟ್ಟರೆ ವರ್ಷಕ್ಕೆ ನೂರಕ್ಕೆ 1.6. ನಿನ್ನೆ ಕೊಂಡ ಡಿಸ್ಕಿಗೂ ಐದು ವರ್ಷ ದುಡಿದದ್ದಕ್ಕೂ ಹೀಗೆ ನ್ಯಾಯ ಸಿಗುತ್ತದೆ. ಅವರಲ್ಲಿ ಎಲ್ಲ ಡಿಸ್ಕ್‌ಗಳೂ ಸೇರಿ ಬರುವ ಪ್ರಮಾಣ ಈಚಿನ ವರ್ಷಗಳಲ್ಲಿ ನೂರಕ್ಕೆ 1ರಿಂದ 2ರ ಆಸುಪಾಸಿನಲ್ಲಿದೆ.

ಅವರ ಲೆಕ್ಕಕ್ಕೂ ಒಂದು ತಮಾಷೆಯ ಹಿನ್ನೆಲೆ ಇದೆ. 2011ರಲ್ಲಿ ಥಾಯ್ಲೆಂಡಿನಲ್ಲಿ ಭಾರೀ ಪ್ರವಾಹ ಬಂದು ಡಿಸ್ಕ್ ಕಾರ್ಖಾನೆಗಳು ಮುಳುಗಿದವು. ಪ್ರಪಂಚದಾದ್ಯಂತ ಬೆಲೆ ಏರಿತು. ಬ್ಯಾಕ್‌ಬ್ಲೇಜ್‌ನವರು ಸೂಪರ್‌ಮಾರ್ಕೆಟ್ಟುಗಳಿಗೆ ಹೋಗಿ ಮನೆಬಳಕೆಯ ಎಕ್ಸ್‌ಟರ್ನಲ್ ಡಿಸ್ಕ್‌ಗಳನ್ನು ತಂದು, ಡಬ್ಬ ಒಡೆದು, ಒಳಗಿನದನ್ನು ಸರ್ವರಿಗೆ ಜೋಡಿಸಿದರು. ಒಂದೊಂದು ಪೆಟ್ಟಿಗೆಯಲ್ಲಿ 45 ಡಿಸ್ಕ್ ಒಟ್ಟಿಗೆ ಗುಂಯ್‌ಗುಡುತ್ತಿದ್ದವು. ಮನೆಗೆಂದು ಮಾಡಿದ ಡಿಸ್ಕನ್ನು ಹೀಗೆ ದುಡಿಸಿದರೆ ಕೆಡದೆ ಇನ್ನೇನು ಅಂತ ಟೀಕೆ ಬಂತು. ಟೀಕೆ ಸರಿ. ಆದರೂ ಅದೇ ಪೆಟ್ಟಿಗೆಗಳಲ್ಲಿ ಕೆಲವು ಮಾಡೆಲ್ ಚೆನ್ನಾಗಿ ನಡೆದವು, ಕೆಲವು ನಡೆಯಲಿಲ್ಲ. ಅದನ್ನು ಕಂಪನದ ಮೇಲಷ್ಟೇ ಹೊರಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ.

ನಡೆಯದವುಗಳಲ್ಲಿ ಪ್ರಸಿದ್ಧವಾದದ್ದು ಸೀಗೇಟ್‌ನ 3 ಟಿಬಿಯ ಒಂದು ಮಾಡೆಲ್. ಅದು ಎಷ್ಟು ಕೆಟ್ಟಿತೆಂದರೆ 2016ರಲ್ಲಿ ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. "ನೋಡಿ, ಸೀಗೇಟ್ ಸರಿ ಇಲ್ಲ" ಅನ್ನುವವರು ಇವತ್ತಿಗೂ ಇದನ್ನೇ ಹಿಡಿದುಕೊಂಡಿದ್ದಾರೆ. ಆದರೆ ಅದೇ ಬ್ಯಾಕ್‌ಬ್ಲೇಜ್‌ನಲ್ಲಿ ಅದೇ ಸೀಗೇಟ್‌ನ 6 ಟಿಬಿಯ ಒಂದು ಮಾಡೆಲ್ ವರ್ಷಗಟ್ಟಲೆ ಓಡಿ, ತೀರಾ ಕಡಿಮೆ ಕೆಡುವ ಹಳೆಯ ಡಿಸ್ಕ್ ಅನ್ನಿಸಿಕೊಂಡಿತು. ಒಂದೇ ತಾಯಿಯ ಮಕ್ಕಳು, ಒಬ್ಬೊಬ್ಬರು ಒಂದೊಂದು ಥರ.

ಇದಕ್ಕಿಂತ ಮಜವಾದ ಕಥೆ ಐಬಿಎಂನದು. ಹಾರ್ಡ್ ಡಿಸ್ಕನ್ನು 1956ರಲ್ಲಿ ಲೋಕಕ್ಕೆ ತಂದವರೇ ಅವರು. 50 ತಟ್ಟೆಗಳ, ಬೀರುವಿಗಿಂತ ದೊಡ್ಡ ಯಂತ್ರ, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಅಂಥ ಮನೆತನದವರು 2000ದಲ್ಲಿ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಅನ್ನುವ ಡಿಸ್ಕ್ ತಂದರು. ಅದು ಕೆಟ್ಟ ರಭಸಕ್ಕೆ ಜನ ಹೆಸರನ್ನೇ ತಿರುಚಿ ಡೆತ್‌ಸ್ಟಾರ್ ಅಂದುಬಿಟ್ಟರು. ಐಬಿಎಂ ತನ್ನ ಡಿಸ್ಕ್ ವ್ಯವಹಾರವನ್ನು ಹಿಟಾಚಿಗೆ ಮಾರಿತು. 2003ರಿಂದ ಅದೇ ಡೆಸ್ಕ್‌ಸ್ಟಾರ್ ಹಿಟಾಚಿ ಹೆಸರಿನಲ್ಲಿ ಬರತೊಡಗಿತು, ಮುಂದೆ ಅದು ಎಚ್‌ಜಿಎಸ್‌ಟಿ ಆಯಿತು. ಮುಂದಿನ ದಶಕದಲ್ಲಿ ಬ್ಯಾಕ್‌ಬ್ಲೇಜ್ ಪಟ್ಟಿಯಲ್ಲಿ ಕಡಿಮೆ ಕೆಡುವ ಡಿಸ್ಕ್‌ಗಳು ಯಾರವು? ಎಚ್‌ಜಿಎಸ್‌ಟಿಯವು! ಡೆತ್‌ಸ್ಟಾರ್ ಹುಟ್ಟಿದ ವಂಶವೇ ತರಗತಿಗೆ ಮೊದಲು ಬಂದಿತ್ತು. ಅಷ್ಟರಲ್ಲಿ, 2012ರಲ್ಲಿ, ಆ ಕಂಪನಿಯನ್ನು ವೆಸ್ಟರ್ನ್ ಡಿಜಿಟಲ್ ಕೊಂಡುಕೊಂಡಿತ್ತು.

ಉಳಿದವರ ಕಥೆಯೂ ಹೀಗೇ. ಕ್ವಾಂಟಮ್ ಡಿಸ್ಕ್‌ಗಳು ಮ್ಯಾಕ್ಸ್‌ಟರ್‌ಗೆ ಹೋದವು, ಮ್ಯಾಕ್ಸ್‌ಟರ್ 2006ರಲ್ಲಿ ಸೀಗೇಟ್‌ಗೆ, ಸ್ಯಾಮ್‌ಸಂಗ್ ಡಿಸ್ಕ್‌ಗಳು 2011ರಲ್ಲಿ ಸೀಗೇಟ್‌ಗೆ, ಫುಜಿತ್ಸುವಿನವು 2009ರಲ್ಲಿ ತೋಷಿಬಾಗೆ. ಈಗ ಪ್ರಪಂಚದಲ್ಲಿ ಹಾರ್ಡ್ ಡಿಸ್ಕ್ ಮಾಡುವವರು ಮೂರೇ ಜನ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಡಬ್ಬದ ಮೇಲೆ ಬೇರೆ ಯಾವ ಹೆಸರಿದ್ದರೂ ಒಳಗಿರುವುದು ಈ ಮೂವರಲ್ಲಿ ಒಬ್ಬರದು. ಬ್ರ್ಯಾಂಡ್ ಅನ್ನುವುದು ಬರೀ ಸ್ಟಿಕ್ಕರ್ ಅಂತ ನಾನು ಹೇಳುತ್ತಿಲ್ಲ. ಆದರೆ ಮಾಡೆಲ್, ತಯಾರಾದ ಬ್ಯಾಚ್, ವಯಸ್ಸು ಇವು ಮೂರೂ ಅದಕ್ಕಿಂತ ಜಾಸ್ತಿ ಹೇಳುತ್ತವೆ. ತೊಂದರೆ ಏನೆಂದರೆ, ಒಂದು ಮಾಡೆಲ್ ಗಟ್ಟಿ ಅಂತ ನಾಲ್ಕು ವರ್ಷದ ಲೆಕ್ಕದಿಂದ ಗೊತ್ತಾಗುವ ಹೊತ್ತಿಗೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ.

ಕಂಪನಿಗಳೇ ಹೇಳುವ ಸಂಖ್ಯೆ ಇದೆಯಲ್ಲ, 10 ಲಕ್ಷ ಗಂಟೆ ಎಂಟಿಬಿಎಫ್, ಅಂದರೆ ಒಂದು ಕೆಡುವಿಕೆಯಿಂದ ಇನ್ನೊಂದಕ್ಕೆ ಸರಾಸರಿ ಅಂತರ? 10 ಲಕ್ಷ ಗಂಟೆ ಅಂದರೆ 114 ವರ್ಷ. ಮೊಮ್ಮಕ್ಕಳಿಗೂ ಆಯಿತು ಅಂದುಕೊಳ್ಳಬೇಡಿ. ಮೂವತ್ತು ವಯಸ್ಸಿನ ಸಾವಿರ ಜನರಲ್ಲಿ ವರ್ಷಕ್ಕೆ ಇಬ್ಬರು ಸಾಯುತ್ತಾರೆ ಅಂದರೆ ಇದೇ ಲೆಕ್ಕದಲ್ಲಿ ಮನುಷ್ಯನ ಎಂಟಿಬಿಎಫ್ 500 ವರ್ಷ. ಡಿಸ್ಕಿಗೆ ಅದರ ಅರ್ಥ 114 ಡಿಸ್ಕ್ ಇದ್ದರೆ ವರ್ಷಕ್ಕೆ ಒಂದು ಕೆಡುತ್ತದೆ ಅಂತ, ಅಷ್ಟೇ. ಅಂದರೆ ವರ್ಷಕ್ಕೆ ನೂರಕ್ಕೆ 0.88. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಸುಮಾರು 1 ಲಕ್ಷ ಡಿಸ್ಕ್‌ಗಳ ಬದಲಾವಣೆ ದಾಖಲೆ ನೋಡಿದಾಗ ನೂರಕ್ಕೆ 2ರಿಂದ 4 ಸಾಮಾನ್ಯವಾಗಿತ್ತು, ಕೆಲವು ಕಡೆ 13ರವರೆಗೂ ಹೋಗಿತ್ತು.

"ನಮ್ಮ ಬೆಂಗಳೂರು ತಂಪು, ಡಿಸ್ಕ್ ಬಾಳಿಕೆ ಬರುತ್ತೆ" ಅಂತ ಒಬ್ಬ ಗೆಳೆಯ ಹೇಳುತ್ತಿರುತ್ತಾನೆ. ಅದೇ 2007ರಲ್ಲಿ ಗೂಗಲ್ ತನ್ನ 1 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಹೊರತಂದಿತು. ಸಾಧಾರಣ ಬಿಸಿಗೂ ಕೆಡುವುದಕ್ಕೂ ಅಂದುಕೊಂಡಷ್ಟು ನಂಟು ಅದರಲ್ಲಿ ಕಾಣಲಿಲ್ಲ. ತೀರಾ ತಣ್ಣಗಿದ್ದವೇ ಜಾಸ್ತಿ ಕೆಟ್ಟಿದ್ದವು. (ಕಂಪನಿಗಳ ಹೆಸರನ್ನು ಮಾತ್ರ ಗೂಗಲ್ ಬಾಯಿಬಿಡಲಿಲ್ಲ, ಜಾಣರು.) ಎತ್ತರ? ಗಾಳಿ ತುಂಬಿದ ಡಿಸ್ಕ್‌ಗಳಿಗೆ ಸುಮಾರು 3,000 ಮೀಟರ್‌ವರೆಗೆ ಅನುಮತಿ ಇರುತ್ತದೆ, ಗಾಳಿ ತೆಳುವಾದರೆ ಹೆಡ್ ಕೆಳಗಿಳಿಯುತ್ತದೆ. ಲೇಹ್‌ನಲ್ಲಿ ಯೋಚಿಸಬೇಕು, 900 ಮೀಟರಿನ ನಮಗೆ ಚಿಂತೆ ಇಲ್ಲ. ಮಳೆಗಾಲದ ಪವರ್ ಕಟ್‌ಗೂ ಒಂದು ಉಪಾಯ ಇಟ್ಟಿದ್ದಾರೆ. ಕರೆಂಟ್ ಹೋದ ಕ್ಷಣ, ಇನ್ನೂ ತಿರುಗುತ್ತಿರುವ ತಟ್ಟೆಯೇ ಡೈನಮೋ ಆಗಿ, ಹೆಡ್ಡನ್ನು ಪಕ್ಕಕ್ಕೆ ಎಳೆದು ನಿಲ್ಲಿಸುವಷ್ಟು ವಿದ್ಯುತ್ ಕೊಡುತ್ತದೆ. ಹೆಡ್ ಬಚಾವ್. ಅರ್ಧ ಬರೆದ ಫೈಲು ಬಚಾವ್ ಆಗುತ್ತದೆ ಅಂತ ಇಲ್ಲ, ಯುಪಿಎಸ್ ಬೇಕಾಗುವುದು ಅದಕ್ಕೆ.

ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಅನ್ನುತ್ತಾರೆ. ಉಚಿತ ತಂತ್ರಾಂಶದಲ್ಲಿ ತೆರೆದು 5 ಮತ್ತು 197ನೇ ಸಾಲು ನೋಡಿ. ಕೆಟ್ಟ ಸೆಕ್ಟರ್ (ತಟ್ಟೆಯ ಮೇಲಿನ ಒಂದು ಸಣ್ಣ ತುಂಡು ಜಾಗ) ಬದಲಿಸಿದ ಲೆಕ್ಕ, ಬದಲಿಸಲು ಕಾಯುತ್ತಿರುವುದರ ಲೆಕ್ಕ. ಸೊನ್ನೆ ಇದ್ದದ್ದು ಏರತೊಡಗಿದರೆ ಅವತ್ತೇ ಕಾಪಿ ಮಾಡಿಕೊಳ್ಳಿ. ಗೂಗಲ್ ಅಧ್ಯಯನದಲ್ಲಿ, ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸುವಾಗ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನದಲ್ಲಿ ಕೆಡುವ ಸಾಧ್ಯತೆ ಉಳಿದವುಗಳಿಗಿಂತ 39 ಪಟ್ಟು ಜಾಸ್ತಿ ಇತ್ತು. ಆದರೆ ಕೆಟ್ಟವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಡಿಸ್ಕ್‌ಗಳು ಯಾವ ಸೂಚನೆಯನ್ನೂ ಕೊಡದೆ ಹೋಗಿದ್ದವು. ನನ್ನದೂ ಹಾಗೇ. ಹಿಂದಿನ ವಾರವಷ್ಟೇ ನೋಡಿದ್ದೆ, ಎಲ್ಲ ಸೊನ್ನೆ.

ಮತ್ತೆ ಅದೇ ಅಂಗಡಿಗೆ ಹೋದೆ. ಅದೇ ಡ್ರಾಯರ್ ತೆರೆದರು. "ಇದರಲ್ಲಿ ಒಂದೊಂದು ಕಂಪನಿದು ಒಟ್ಟು ಎಷ್ಟು ಮಾರಿದ್ರಿ?" ಅಂತ ಕೇಳಿದೆ.

"ಮಾರಿದ್ದೆಲ್ಲ ಯಾರು ಸಾರ್ ಲೆಕ್ಕ ಇಡ್ತಾರೆ?"

ಎರಡು ಡಿಸ್ಕ್ ಕೊಂಡೆ, ಬೇರೆ ಬೇರೆ ಕಂಪನಿಯವು. ಒಂದೇ ಕಂಪನಿದು ಎರಡು ತಗೊಂಡರೆ ಇನ್ನೂರು ಕಡಿಮೆ ಮಾಡುತ್ತೇನೆ ಅಂದರು, ಬೇಡ ಅಂದೆ. ಒಂದೇ ಬ್ಯಾಚಿನವು ಒಂದೇ ದೋಷ ಹೊತ್ತು ಹುಟ್ಟಿರಬಹುದು, ಹೋದರೆ ಹೆಚ್ಚುಕಮ್ಮಿ ಒಟ್ಟಿಗೇ ಹೋಗಬಹುದು. ಒಂದರಲ್ಲಿ ಎಲ್ಲ ತುಂಬಿ, ಇನ್ನೊಂದರಲ್ಲಿ ಅದರದೇ ಕಾಪಿ ಮಾಡಿ, ಎರಡನೆಯದನ್ನು ಮೈಸೂರಿಗೆ ಅಕ್ಕನ ಮನೆಗೆ ಒಯ್ದೆ. ಹಳೆಯದರ ಒಳಗಿದ್ದ ಅಯಸ್ಕಾಂತ ಈಗ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ, ಗ್ಯಾಸ್ ಬಿಲ್ಲು ಹಿಡಿದುಕೊಂಡು. ಕೀಳಬೇಕಾದರೆ ಎರಡೂ ಕೈ ಬೇಕು. ಮೈಸೂರಿನ ಡಿಸ್ಕ್ ಅಕ್ಕನ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇದೆ. ಆರು ತಿಂಗಳಿಗೊಮ್ಮೆ ಹೋದಾಗ ಚಾಲೂ ಮಾಡಿ ನೋಡುತ್ತೇನೆ. ಹೋದ ಸಲ ಕವರ್ ತೆಗೆದರೆ ಒಳಗೆ ಎರಡು ನುಸಿಗುಳಿಗೆ ಇದ್ದವು.