ಹೀಟ್‌ಸಿಂಕ್ ಬಿಚ್ಚಿ ಮತ್ತೆ ಕೂರಿಸಿದ ಮೇಲೆ ಪ್ರೊಸೆಸರ್ ಬಿಸಿ ಯಾಕೆ ಜಾಸ್ತಿಯಾಯ್ತು?

ಪ್ರಶ್ನೆ: ಧೂಳು ತೆಗೆಯೋಣ ಅಂತ ಡೆಸ್ಕ್‌ಟಾಪ್‌ನ ಹೀಟ್‌ಸಿಂಕ್ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದೆ. ಮೊದಲು ಸುಮ್ನೆ ಇದ್ದಾಗ 40 ಡಿಗ್ರಿ ತೋರಿಸುತ್ತಿತ್ತು. ಈಗ ಆನ್ ಮಾಡಿದ ಕೂಡಲೇ 85 ದಾಟುತ್ತದೆ. ಸ್ವಲ್ಪ ಕೆಲಸ ಕೊಟ್ಟರೆ ತಾನಾಗೇ ಆಫ್ ಆಗುತ್ತದೆ. ಫ್ಯಾನ್ ಚೆನ್ನಾಗೇ ತಿರುಗುತ್ತಿದೆ. ಪ್ರೊಸೆಸರ್ ಹಾಳಾಯ್ತಾ?

ಉತ್ತರ: ಹಾಳಾಗಿರುವ ಸಾಧ್ಯತೆ ತೀರಾ ಕಡಿಮೆ. ತಾನಾಗೇ ಆಫ್ ಆಗುತ್ತಿದೆ ಅಂದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಬಿಸಿ ಮಿತಿಯ ಹತ್ತಿರ ಬಂದಾಗ ಅದು ಮೊದಲು ವೇಗ ಇಳಿಸುತ್ತದೆ. ಅದೂ ಸಾಲದಿದ್ದರೆ ಕಂಪ್ಯೂಟರ್ ನಿಂತುಬಿಡುತ್ತದೆ. ಆದರೂ ಈಗ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಸರಿಪಡಿಸಿದ ಮೇಲೆ ಆನ್ ಮಾಡೋಣ.

ನಿಮ್ಮ ಪ್ರಶ್ನೆಯಲ್ಲೇ ಒಂದು ಒಳ್ಳೆ ಸುಳಿವಿದೆ: ‘ಆನ್ ಮಾಡಿದ ಕೂಡಲೇ’. ಇಂಥ ತೊಂದರೆಯಲ್ಲಿ ಎಷ್ಟು ಬಿಸಿಯಾಯ್ತು ಅನ್ನೋದಕ್ಕಿಂತ ಎಷ್ಟು ಬೇಗ ಬಿಸಿಯಾಯ್ತು ಅನ್ನೋದು ಹೆಚ್ಚು ಹೇಳುತ್ತದೆ. ಹೀಟ್‌ಸಿಂಕ್ ಅಂದರೆ ದಪ್ಪ ಲೋಹದ ಗಟ್ಟಿ. ಅದು ಕಾಯೋಕೆ ನಿಮಿಷಗಳೇ ಬೇಕು. ಪ್ರೊಸೆಸರ್‌ಗೆ ಅದು ಸರಿಯಾಗಿ ತಾಗಿದ್ದರೆ, ಫ್ಯಾನ್ ನಿಂತಿದ್ದರೂ ಬಿಸಿ ನಿಧಾನಕ್ಕೆ ಏರುತ್ತದೆ. ಕೆಲವೇ ಸೆಕೆಂಡಿನಲ್ಲಿ 85ಕ್ಕೆ ಹಾರುತ್ತಿದೆ ಅಂದರೆ ಶಾಖ ಆ ಲೋಹದೊಳಗೆ ಹೋಗುತ್ತಲೇ ಇಲ್ಲ.

ಇದನ್ನು ಬೆರಳಿನಿಂದಲೇ ಖಚಿತ ಮಾಡಿಕೊಳ್ಳಬಹುದು. ಇದಕ್ಕಾಗಿ ಮಾತ್ರ ಒಂದು ಸಲ ಆನ್ ಮಾಡಿ. ಬಿಸಿ ಏರಿದ ತಕ್ಷಣ ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನ್ ಪೂರ್ತಿ ನಿಂತ ಮೇಲೆ ಹೀಟ್‌ಸಿಂಕಿನ ಬುಡವನ್ನು ಮೆಲ್ಲಗೆ ಮುಟ್ಟಿ. ಪರದೆಯ ಮೇಲೆ 90 ಡಿಗ್ರಿ ಇದ್ದು ಬುಡ ತಣ್ಣಗೆ ಇದ್ದರೆ, ಕೂರಿಸಿದ್ದು ಸರಿಯಾಗಿಲ್ಲ. ಬುಡವೂ ಸುಡುತ್ತಿದ್ದರೆ ಶಾಖ ಮೇಲೆ ಬರುತ್ತಿದೆ, ಹೊರಗೆ ಹೋಗುತ್ತಿಲ್ಲ. ಆಗ ತೊಂದರೆ ಗಾಳಿಯದ್ದು.

ನಿಮ್ಮದು ಮೊದಲನೆಯದೇ ಅಂತ ನನಗನಿಸುತ್ತದೆ. ‘ಒರೆಸಿ ಕೂರಿಸಿದೆ’ ಅಂದಿದ್ದೀರಿ, ಹೊಸ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಶಾಖ ದಾಟಿಸಲು ಹಚ್ಚುವ ಲೇಪ) ಹಚ್ಚಿದ್ದನ್ನು ಹೇಳಿಲ್ಲ. ಕಣ್ಣಿಗೆ ಕನ್ನಡಿಯಂತೆ ಕಂಡರೂ ಆ ಎರಡು ಲೋಹದ ಮುಖಗಳಲ್ಲಿ ಸಣ್ಣ ಸಣ್ಣ ಗೀರು, ತಗ್ಗು ಇರುತ್ತವೆ. ಪೇಸ್ಟ್ ಇಲ್ಲದಿದ್ದರೆ ಅಲ್ಲೆಲ್ಲ ಗಾಳಿ ಕೂರುತ್ತದೆ. ತಾಮ್ರ ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಪೇಸ್ಟ್ ತಾಮ್ರದ ಹತ್ತಿರಕ್ಕೂ ಬರುವುದಿಲ್ಲ, ಆದರೆ ಗಾಳಿಗಿಂತ ನೂರು ಪಟ್ಟಿಗೂ ಜಾಸ್ತಿ ವಾಸಿ. ಹಳೆಯ ಪೇಸ್ಟನ್ನೇ ಹಾಗೇ ಬಿಟ್ಟು ಒತ್ತಿದರೂ ಇದೇ ಪಾಡು. ಒಮ್ಮೆ ಎತ್ತಿದ ಮೇಲೆ ಅದು ಹರಿದು, ಒಣಗಿ, ನಡುನಡುವೆ ಗಾಳಿಗುಳ್ಳೆ ಸೇರಿರುತ್ತದೆ.

ಹಾಗಾಗಿ ಇನ್ನೊಮ್ಮೆ ಬಿಚ್ಚಲೇಬೇಕು. ನಿಮ್ಮದು ಎಎಂಡಿ ಕಂಪನಿಯ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಗೂಡು) ಆಗಿದ್ದರೆ ಇಲ್ಲಿ ಸ್ವಲ್ಪ ಹುಷಾರು. ಪೇಸ್ಟ್ ಅಂಟಿಕೊಂಡಿದ್ದರೆ ಹೀಟ್‌ಸಿಂಕ್ ಜೊತೆಗೆ ಪ್ರೊಸೆಸರ್ ಕೂಡ ಕಿತ್ತು ಬರುತ್ತದೆ, ಪಿನ್ ಬಗ್ಗುತ್ತವೆ. ನೇರ ಮೇಲಕ್ಕೆ ಎಳೆಯಬೇಡಿ. ಪೇಸ್ಟ್ ಇನ್ನೂ ಬೆಚ್ಚಗಿರುವಾಗ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಹಿಡಿತ ಬಿಡಿಸಿ, ಆಮೇಲೆ ಎತ್ತಿ.

ಎತ್ತಿದ ಕೂಡಲೇ ಒರೆಸಲು ಹೋಗಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅವಸರದಲ್ಲಿ ಎಲ್ಲರೂ ಸಾಕ್ಷಿಯನ್ನೇ ಅಳಿಸಿಬಿಡುತ್ತಾರೆ. ಎರಡೂ ಮುಖಗಳನ್ನು ಬೆಳಕಿಗೆ ಹಿಡಿದು ನೋಡಿ. ಸರಿಯಾಗಿ ಕೂತಿದ್ದರೆ ಪೇಸ್ಟ್ ಎಲ್ಲ ಕಡೆ ತೆಳ್ಳಗೆ, ಒಂದೇ ಸಮ ಹರಡಿರುತ್ತದೆ. ಒಂದು ಸಲ ನಾನು ಎತ್ತಿ ನೋಡಿದ ಹೀಟ್‌ಸಿಂಕಿನಲ್ಲಿ ಒಂದು ಪಕ್ಕ ಪೇಸ್ಟ್ ಗಾಜಿನ ಮೇಲಿನ ಉಸಿರಿನಷ್ಟು ತೆಳು. ಎದುರು ಪಕ್ಕದಲ್ಲಿ ಅದು ಹಚ್ಚಿದ ಹಾಗೇ ಗುಪ್ಪೆಯಾಗಿ ನಿಂತಿತ್ತು, ಹೀಟ್‌ಸಿಂಕ್ ಅದನ್ನು ಮುಟ್ಟಿಯೇ ಇರಲಿಲ್ಲ. ಒಂದು ಮೂಲೆಯ ಸ್ಕ್ರೂ ಪೂರ್ತಿ ಬಿಗಿದು ಆಮೇಲೆ ಉಳಿದವಕ್ಕೆ ಕೈ ಹಾಕಿದರೆ ಹೀಗೇ ವಾರೆಯಾಗಿ ಕೂರುತ್ತದೆ. ನಾಲ್ಕನ್ನೂ ಮೊದಲು ಎರಡೆರಡು ಸುತ್ತು ಹಿಡಿಸಿ, ಆಮೇಲೆ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಇಂಟೆಲ್ ಪ್ರೊಸೆಸರ್ ಜೊತೆಗೆ ಬರುವ ಹೆಚ್ಚಿನ ಕೂಲರ್‌ಗಳಲ್ಲಿ ಸ್ಕ್ರೂ ಇರುವುದಿಲ್ಲ, ನಾಲ್ಕು ಪ್ಲಾಸ್ಟಿಕ್ ಕಾಲು ಇರುತ್ತವೆ. ತುಂಬಾ ಜನ ಎಡವುವುದು ಇಲ್ಲೇ. ಬಿಚ್ಚುವಾಗ ಆ ಕಾಲುಗಳ ತಲೆಯನ್ನು ಬಾಣದ ಗುರುತಿನ ಕಡೆಗೆ ಕಾಲು ಸುತ್ತು ತಿರುಗಿಸಿರುತ್ತೀರಿ. ಮತ್ತೆ ಕೂರಿಸುವ ಮೊದಲು ಅದನ್ನು ವಾಪಸ್ ತಿರುಗಿಸಬೇಕು. ಮರೆತರೆ ಕಾಲು ಒಳಗೆ ಹೋದ ಹಾಗೆ ಅನಿಸುತ್ತದೆ, ಆದರೆ ಕಚ್ಚಿಕೊಳ್ಳುವುದಿಲ್ಲ. ಎದುರುಬದುರು ಎರಡನ್ನು ಒತ್ತಿ, ಪ್ರತಿಯೊಂದಕ್ಕೂ ‘ಟಕ್’ ಅನ್ನೋ ಶಬ್ದ ಕೇಳಬೇಕು. ಶಬ್ದವನ್ನೂ ನಂಬದೆ ಮದರ್‌ಬೋರ್ಡಿನ ಹಿಂದೆ ಟಾರ್ಚ್ ಹಾಕಿ ನೋಡಿ. ಬಿಳಿ ತುದಿ ಎರಡು ಹೋಳಾಗಿ ಅಗಲಿ, ನಡುವೆ ಕರಿ ಕಡ್ಡಿ ಇಣುಕಬೇಕು. ನಾಲ್ಕರಲ್ಲಿ ಒಂದು ಸಡಿಲವಿದ್ದರೂ ನಿಮ್ಮ ಥರದ್ದೇ ತೊಂದರೆ ಬರುತ್ತದೆ.

ಇನ್ನು ಪೇಸ್ಟ್. ಹಳೆಯದನ್ನು ನೂಲು ಬಿಡದ ಬಟ್ಟೆ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎರಡೂ ಕಡೆ ಪೂರ್ತಿ ತೆಗೆಯಿರಿ, ಒಣಗಲು ಬಿಡಿ. ಸಾಮಾನ್ಯ ಗಾತ್ರದ ಪ್ರೊಸೆಸರ್‌ಗೆ ನಡುವೆ ಬಟಾಣಿ ಕಾಳಿನಷ್ಟು ಸಾಕು, ಹೀಟ್‌ಸಿಂಕಿನ ಒತ್ತಡವೇ ಅದನ್ನು ಹರಡುತ್ತದೆ. ಸ್ವಲ್ಪ ಜಾಸ್ತಿಯಾದರೆ ಅಂಚಿನಿಂದ ಹೊರಗೆ ಬರುತ್ತದೆ, ಗಾಬರಿ ಬೇಡ. ಕಡಿಮೆ ಹಾಕಿ ಮೂಲೆ ಖಾಲಿ ಬಿಡೋದು ಅದಕ್ಕಿಂತ ಕೆಟ್ಟದ್ದು. ಕೂರಿಸಿದ ಮೇಲೆ ‘ಸರಿಯಾಗಿದೆಯಾ ನೋಡೋಣ’ ಅಂತ ಎತ್ತಬೇಡಿ. ಎತ್ತಿದರೆ ಮತ್ತೆ ಒರೆಸಿ ಹೊಸದಾಗಿ ಹಚ್ಚಬೇಕು. ಹೊಸ ಕೂಲರ್ ಹಾಕುವವರು ಬುಡಕ್ಕೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತಿದ್ದಾರಾ ಅಂತಲೂ ನೋಡಿಕೊಳ್ಳಲಿ.

ಬೆರಳಿಗೆ ಬುಡ ಸುಟ್ಟಿದ್ದರೆ ಮಾತ್ರ ಫ್ಯಾನಿನ ಕಡೆ ಹೋಗಿ. ಕೇಬಲ್ ‘ಸಿಪಿಯು ಫ್ಯಾನ್’ ಎಂದು ಅಚ್ಚಾಗಿರುವ ಕಡೆಯೇ ಸಿಕ್ಕಿಸಿದೆಯಾ? ಫ್ಯಾನ್ ತಿರುಗುಮುರುಗಾಗಿ ಕೂತು, ಪೆಟ್ಟಿಗೆಯ ಗಾಳಿಗೆ ಎದುರಾಗಿ ಊದುತ್ತಿದೆಯಾ? ನೀರಿನ ಕೂಲರ್ ಆದರೆ ಪಂಪ್‌ಗೆ ಕರೆಂಟ್ ಹೋಗುತ್ತಿದೆಯಾ? ಇಷ್ಟು ನೋಡಿದರೆ ಸಾಕು.

ಲ್ಯಾಪ್‌ಟಾಪ್‌ನಲ್ಲೂ ನಿಯಮ ಇದೇ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಕೆತ್ತಿರುತ್ತಾರೆ, ಆ ಕ್ರಮದಲ್ಲೇ ಬಿಗಿಯಿರಿ. ಥರ್ಮಲ್ ಪ್ಯಾಡ್ (ಶಾಖ ದಾಟಿಸುವ ಮೆತ್ತನೆ ಹಾಳೆ) ಬದಲಿಸಿದ್ದರೆ ಮೊದಲಿದ್ದಷ್ಟೇ ದಪ್ಪದ್ದು ಹಾಕಿ. ಅರ್ಧ ಮಿಲಿಮೀಟರ್ ಜಾಸ್ತಿಯಾದರೂ ಹೀಟ್‌ಸಿಂಕಿನ ತಟ್ಟೆ ಎದ್ದು ನಿಂತು ಪ್ರೊಸೆಸರ್‌ಗೆ ತಾಗದೆ ಹೋಗಬಹುದು.

ಎಲ್ಲ ಕೂರಿಸಿದ ಮೇಲೆ ಬಯೋಸ್ (ವಿಂಡೋಸ್ ಶುರುವಾಗುವ ಮೊದಲು ತೆರೆಯಬಹುದಾದ ಸೆಟ್ಟಿಂಗ್ ಪರದೆ) ತೆರೆದು ಮೊದಲ ಎರಡು ನಿಮಿಷ ಅಂಕಿ ನೋಡುತ್ತಿರಿ. ಸೆಕೆಂಡುಗಳಲ್ಲಿ ಹಾರಿದರೆ ತಕ್ಷಣ ಆಫ್ ಮಾಡಿ. 50ರ ಆಸುಪಾಸಿನಲ್ಲಿ ನಿಂತರೆ ಚಿಂತೆ ಬೇಡ. ಬಯೋಸ್‌ನಲ್ಲಿ ವಿದ್ಯುತ್ ಉಳಿಸುವ ವ್ಯವಸ್ಥೆ ಪೂರ್ತಿ ಕೆಲಸ ಮಾಡುವುದಿಲ್ಲ, ಅದಕ್ಕೇ ಅಲ್ಲಿ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಆಮೇಲೆ ಬಿಸಿ ನೋಡಲು ವಿಂಡೋಸ್ ಆದರೆ ಎಚ್‌ಡಬ್ಲ್ಯೂಇನ್ಫೊ ಅನ್ನೋ ತಂತ್ರಾಂಶ, ಲಿನಕ್ಸ್ ಆದರೆ ಸೆನ್ಸರ್ಸ್ ಕಮಾಂಡ್ ಹಾಕಿ, ಹತ್ತು ನಿಮಿಷ ಭಾರಿ ಕೆಲಸ ಕೊಟ್ಟು ನೋಡಿ. ಎಷ್ಟೋ ಇಂಟೆಲ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ. ಎಎಂಡಿಯ ರೈಜನ್ 7000 ಸಾಲಿನ ಎಕ್ಸ್ ಮಾದರಿಗಳನ್ನಂತೂ ಪೂರ್ತಿ ಕೆಲಸದಲ್ಲಿ 95 ಮುಟ್ಟುವಂತೆಯೇ ಮಾಡಿದ್ದಾರೆ. ಹಾಗಾಗಿ ಬೇರೆಯವರ ಅಂಕಿಗೆ ಹೋಲಿಸಬೇಡಿ. ಸುಮ್ನೆ ಇದ್ದಾಗ ಎಷ್ಟು, ಕೆಲಸ ಕೊಟ್ಟಾಗ ಎಷ್ಟು, ಆಗ ಕೋಣೆಯ ಬಿಸಿ ಎಷ್ಟಿತ್ತು ಅಂತ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸಿಡಿ. ಮುಂದಿನ ಸಲ ಬಿಚ್ಚಿದಾಗ ಹೋಲಿಸಿ ನೋಡೋಕೆ ಬೇಕಾಗುತ್ತದೆ.