ಭಾರ ಅಷ್ಟೇ, ನೆಲ ಮಾತ್ರ ಇಳಿಯಿತು: ಗಾಳಿ ತಂದ ಮಣ್ಣು ಮತ್ತು ನೀರು

ಪಾಯ ಕುಸಿಯಿತು ಅಂದರೆ ಮೇಲಿನ ಭಾರ ಜಾಸ್ತಿಯಾಗಿರಬೇಕು ಅಂತಲೇ ಮೊದಲು ಅನ್ನಿಸುವುದು, ಅಲ್ವಾ? ಗಾಳಿ ತಂದು ಗುಡ್ಡೆ ಹಾಕಿದ ಮಣ್ಣಿನ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಭಾರ ಅಷ್ಟೇ ಇದ್ದರೂ ನೀರು ಹೊಕ್ಕರೆ ಸಾಕು, ನೆಲ ಇಳಿಯುತ್ತದೆ.

ಇಂಥ ಮಣ್ಣಿನಲ್ಲಿ ಪ್ರಸಿದ್ಧವಾದದ್ದು ಲೋಯೆಸ್. ಆ ಹೆಸರು 1820ರ ದಶಕದಲ್ಲಿ ಜರ್ಮನಿಯ ರೈನ್ ಕಣಿವೆಯಿಂದ ಬಂತು. ಇದನ್ನು ಹೊತ್ತು ತಂದದ್ದು ಗಾಳಿಯೇ ಎಂದು 1870ರ ದಶಕದಲ್ಲಿ ವಾದಿಸಿದವರು ಚೀನಾ ಸುತ್ತಿದ್ದ ಜರ್ಮನ್ ಭೂವಿಜ್ಞಾನಿ ಫರ್ಡಿನಾಂಡ್ ಫಾನ್ ರಿಕ್ಟ್‌ಹೋಫೆನ್. ಅಲ್ಲಿ ಕೆಲವು ಕಡೆ ಇದು 300 ಮೀಟರ್ ದಪ್ಪ ಇದೆ. ಒಣಗಿದ್ದಾಗ ಕಡಿದಾದ ಗೋಡೆಯಂತೆ ನಿಲ್ಲುತ್ತದೆ. ಜನ ಅದರೊಳಗೇ ಮನೆ ಕೊರೆದುಕೊಂಡು ಬಾಳಿದ್ದಾರೆ. ಆ ಗಟ್ಟಿತನ ನಂಬಿಸಿಬಿಡುತ್ತದೆ.

ಒಳಗೆ ನೋಡಿದರೆ ಹೆಚ್ಚುಕಮ್ಮಿ ಅರ್ಧದಷ್ಟು ಬರೀ ಪೊಳ್ಳು. ಗಾಳಿ ಬಿಟ್ಟುಹೋದ ಸಣ್ಣ ಸಣ್ಣ ಕಣಗಳು ಸಡಿಲವಾಗಿ ಒಂದಕ್ಕೊಂದು ಆತು ಕೂತಿರುತ್ತವೆ. ಅವು ಮುಟ್ಟುವ ಕಡೆ ಚೂರು ಜೇಡಿ, ಚೂರು ಸುಣ್ಣದ ಅಂಶ, ಜೊತೆಗೆ ತೆಳುವಾದ ತೇವದ ಸೆಳೆತ. ಹಿಡಿದಿಟ್ಟಿರುವುದು ಇಷ್ಟೇ. ನೀರು ತುಂಬಿದರೆ ಆ ಸೆಳೆತ ಹೋಗುತ್ತದೆ, ಜೇಡಿ ಮೆತ್ತಗಾಗುತ್ತದೆ, ಕಣಗಳು ಜಾರಿ ಪೊಳ್ಳಿಗೆ ಬೀಳುತ್ತವೆ. ನೆಂದ ಜೇಡಿಮಣ್ಣು ಭಾರಕ್ಕೆ ಇಳಿಯುವುದು ನೀರು ಹೊರಹೋಗುತ್ತಾ, ವರ್ಷಗಟ್ಟಲೆ. ಇಲ್ಲಿ ನೀರು ಒಳಬಂದಾಗ, ಅದೂ ದಿಢೀರನೆ.

1930ರ ದಶಕದಲ್ಲಿ ಸೋವಿಯತ್ ಎಂಜಿನಿಯರುಗಳು ಇದರ ಬೆನ್ನು ಹತ್ತಿದರು. 1951ರಲ್ಲಿ ಅಮೆರಿಕದ ಹೋಲ್ಟ್ಸ್ ಮತ್ತು ಗಿಬ್ಸ್ ಅಲ್ಲಿನ ಲೋಯೆಸ್ ಬಗ್ಗೆ ಬರೆದರು. ನನಗೆ ಎಲ್ಲಕ್ಕಿಂತ ಹಿಡಿಸುವುದು 1957ರಲ್ಲಿ ಜೆನ್ನಿಂಗ್ಸ್ ಮತ್ತು ನೈಟ್ ದಕ್ಷಿಣ ಆಫ್ರಿಕಾದ ಮರಳುಮಣ್ಣಿಗಾಗಿ ಮುಂದಿಟ್ಟ ಪರೀಕ್ಷೆ. ಒಂದೇ ಮಣ್ಣಿನ ಎರಡು ಬಿಲ್ಲೆ ತೆಗೆಯಿರಿ. ಒಂದನ್ನು ಇದ್ದ ತೇವದಲ್ಲೇ, ಇನ್ನೊಂದನ್ನು ನೆನೆಸಿ, ಎರಡರ ಮೇಲೂ ಭಾರ ಹೇರುತ್ತಾ ಹೋಗಿ. ಒಂದೇ ಭಾರಕ್ಕೆ ಎರಡೂ ಎಷ್ಟೆಷ್ಟು ಇಳಿದವು ಎಂಬ ಅಂತರವೇ ನೀರಿನಿಂದ ಆಗುವ ಕುಸಿತ. 1962ರಲ್ಲಿ ಜೆನ್ನಿಂಗ್ಸ್ ಮತ್ತು ಬರ್ಲ್ಯಾಂಡ್ ಇನ್ನೂ ಮುಂದೆ ಹೋಗಿ, ಅರೆನೆಂದ ಮಣ್ಣಿಗೆ, ಒಟ್ಟು ಒತ್ತಡದಲ್ಲಿ ನೀರಿನ ಪಾಲು ಕಳೆದು ಕಣಗಳ ಮೇಲಿನ ಒತ್ತಡ ಹೇಳುವ ಹಳೆಯ ಸೂತ್ರವೊಂದೇ ಸಾಲದು ಎಂದು ತೋರಿಸಿದರು.

ಚೀನಾದ ನಿಯಮದ ಪ್ರಕಾರ, ನೆನೆಸಿದಾಗ ಮಾದರಿ ತನ್ನ ದಪ್ಪದ 1.5% ಇಳಿದರೇ ಅದು ಕುಸಿಯುವ ಮಣ್ಣು. ಸಣ್ಣದೆನಿಸುತ್ತದೆ. ಆದರೆ 2 ಮೀಟರ್ ಪದರ ನೆಂದರೆ 3 ಸೆಂಟಿಮೀಟರ್ ಆಯಿತು. ನೀರು ಎಲ್ಲ ಕಡೆ ಒಂದೇ ಸಮ ಹರಡುವುದೂ ಇಲ್ಲ. ಒಂದು ಮೂಲೆ ಇಳಿದು ಇನ್ನೊಂದು ನಿಂತಾಗಲೇ ಗೋಡೆ ಸೀಳುವುದು.

ಹಾಗಾಗಿ ಕಟ್ಟುವ ಮುಂಚೆಯೇ ನೆಲಕ್ಕೆ ನೀರು ಬಿಟ್ಟು ಕುಸಿಯಲು ಬಿಡುತ್ತಾರೆ, ಇಲ್ಲವೇ ಎತ್ತರದಿಂದ ಭಾರ ಬೀಳಿಸಿ ದಮ್ಮಸ್ಸು ಮಾಡುತ್ತಾರೆ. ನೀರಿನ ಪೈಪುಗಳನ್ನು ಸುಮ್ನೆ ಹೂಳುವುದಿಲ್ಲ. ಗಚ್ಚಿನ ಕಾಲುವೆಯೊಳಗೆ ಹಾಯಿಸಿ, ಅಲ್ಲಲ್ಲಿ ಇಣುಕಿ ನೋಡಲು ಗುಂಡಿ ಬಿಡುತ್ತಾರೆ. ಸೋರಿದ ನೀರು ಪಾಯ ಮುಟ್ಟುವ ಮೊದಲೇ ಕಣ್ಣಿಗೆ ಬೀಳಬೇಕು.